ಎಚ್ಚರದಲ್ಲೇ ಇಳಿಯುವ ಉಸಿರಿನ ಕೊಳವೆ

ದೊಡ್ಡ ಶಸ್ತ್ರಚಿಕಿತ್ಸೆಗೆ ಪೂರ್ಣ ಅರಿವಳಿಕೆ ಕೊಡುವಾಗ ಕೆಲಸಗಳು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ನಡೆಯುತ್ತವೆ. ಮುಖಕ್ಕೆ ಮಾಸ್ಕ್ ಹಿಡಿದು ಮೂರು ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಕೈಯ ರಕ್ತನಾಳಕ್ಕೆ ನಿದ್ದೆಯ ಔಷಧ ಹೋಗುತ್ತದೆ, ರೋಗಿಗೆ ಎಚ್ಚರ ತಪ್ಪುತ್ತದೆ. ಅದರ ಬೆನ್ನಿಗೇ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ. ಅಷ್ಟರಲ್ಲಿ ಉಸಿರಾಟವೂ ನಿಂತಿರುತ್ತದೆ. ಆಮೇಲೆ ಲ್ಯಾರಿಂಗೋಸ್ಕೋಪ್ ಎಂಬ ದೀಪವಿರುವ ಅಲಗನ್ನು ಬಾಯಿಗಿಳಿಸಿ, ನಾಲಿಗೆಯನ್ನು ಪಕ್ಕಕ್ಕೆ ಒತ್ತರಿಸಿ, ಧ್ವನಿತಂತುಗಳ ನಡುವಿನಿಂದ ಶ್ವಾಸನಾಳಕ್ಕೆ ಕೊಳವೆ ಸೇರಿಸಿ ವೆಂಟಿಲೇಟರಿಗೆ ಜೋಡಿಸುತ್ತಾರೆ. ಎಚ್ಚರ ತಪ್ಪಿದ ಮೇಲೆ ನಡೆದದ್ದಾವುದರ ನೆನಪೂ ರೋಗಿಗೆ ಇರುವುದಿಲ್ಲ.

ಕೆಲವು ರೋಗಿಗಳ ವಿಷಯದಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಬೇಕಾಗುತ್ತದೆ. ಮೊದಲು ಕೊಳವೆ, ಆಮೇಲೆ ನಿದ್ದೆ. ರೋಗಿ ಕಣ್ಣು ಬಿಟ್ಟುಕೊಂಡು, ಹೇಳಿದ್ದನ್ನು ಕೇಳುತ್ತಾ, ತನ್ನ ಉಸಿರನ್ನು ತಾನೇ ಆಡುತ್ತಿರುವಾಗಲೇ ಕೊಳವೆ ಗಂಟಲು ದಾಟಿ ಕೆಳಗಿಳಿಯುತ್ತದೆ. ಆಪರೇಷನ್ ಥಿಯೇಟರಿನ ಮಾತಿನಲ್ಲಿ ಇದಕ್ಕೆ ‘ಅವೇಕ್ ಇಂಟ್ಯುಬೇಷನ್’ ಎಂದು ಹೆಸರು. ಮೊದಲ ಸಲ ಕೇಳಿದವರಿಗೆ ಇದು ಹಿಂಸೆಯಂತೆ ತೋರುವುದು ಸಹಜ. ಗಂಟಲನ್ನು ಸರಿಯಾಗಿ ಮರಗಟ್ಟಿಸಿ, ಅವಸರವಿಲ್ಲದೆ ಮಾಡಿದರೆ ಅದು ಹಿಂಸೆಯಾಗುವುದಿಲ್ಲ. ಈ ರೋಗಿಗಳ ಮಟ್ಟಿಗೆ ಅದಕ್ಕಿಂತ ಸುರಕ್ಷಿತವಾದ ದಾರಿಗಳು ಬಹಳ ಕಡಿಮೆ.

ಕಾರಣ ಗಂಟಲಿನ ರಚನೆಯಲ್ಲೇ ಇದೆ. ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಸರೆಯುಂಟು, ಅದು ಸುಲಭಕ್ಕೆ ಮುಚ್ಚಿಕೊಳ್ಳದು. ಅದರ ಮೇಲಿನ ಗಂಟಲಿಗೆ ಅಂಥ ಆಸರೆಯಿಲ್ಲ. ನಾಲಿಗೆ, ಅಂಗಳು, ದವಡೆಯ ಸ್ನಾಯುಗಳು ಸದಾ ಸ್ವಲ್ಪ ಬಿಗಿಯಾಗಿರುವುದರಿಂದಲೇ ದಾರಿ ತೆರೆದಿರುತ್ತದೆ. ಬರೀ ನಿದ್ದೆಯಲ್ಲೇ ಈ ಬಿಗಿ ಸಡಿಲವಾಗಿ ಗೊರಕೆ ಶುರುವಾಗುತ್ತದೆ. ಅರಿವಳಿಕೆಯಲ್ಲಿ ಬಿಗಿ ಪೂರ್ತಿ ಹೋಗಿ ನಾಲಿಗೆ ಹಿಂದಕ್ಕೆ ಜಾರುತ್ತದೆ. ಸಾಮಾನ್ಯ ರೋಗಿಯಲ್ಲಿ ದವಡೆ ಎತ್ತಿ ಹಿಡಿದು ಮಾಸ್ಕಿನಿಂದ ಉಸಿರು ಕೊಡಬಹುದು, ಬಾಯಿ ತೆರೆದು ಕೊಳವೆ ಹಾಕಬಹುದು. ಬಾಯಿಯೇ ತೆರೆಯದಿದ್ದರೆ, ಗಂಟಲಲ್ಲಿ ಗಡ್ಡೆಯಿದ್ದರೆ, ಕತ್ತು ಅಲುಗದಿದ್ದರೆ ಈ ಎರಡೂ ದಾರಿಗಳು ಒಟ್ಟಿಗೇ ಮುಚ್ಚಿಹೋಗುವ ಸಾಧ್ಯತೆಯಿದೆ. ಆಗ ಉಳಿಯುವುದು ಕತ್ತಿನ ಮುಂಭಾಗವನ್ನು ಕೊಯ್ದು ನೇರವಾಗಿ ಶ್ವಾಸನಾಳಕ್ಕೆ ಗಾಳಿ ತಲುಪಿಸುವ ತುರ್ತು ದಾರಿಯೊಂದೇ.

ಅದಕ್ಕೆ ಸಿಗುವ ಸಮಯ ನಿಮಿಷಗಳಲ್ಲಿ. ಮೊದಲೇ ಚೆನ್ನಾಗಿ ಆಮ್ಲಜನಕ ಪಡೆದ ಆರೋಗ್ಯವಂತ ವಯಸ್ಕರು ಉಸಿರಿಲ್ಲದೆ ಏಳೆಂಟು ನಿಮಿಷ ತಾಳಬಲ್ಲರು. ತುಂಬಾ ದಪ್ಪ ದೇಹದವರಲ್ಲಿ ರಕ್ತದ ಆಮ್ಲಜನಕ ಮೂರು ನಿಮಿಷದೊಳಗೇ ಕುಸಿಯಬಹುದು. ಗರ್ಭಿಣಿಯರಲ್ಲಿ, ಮಕ್ಕಳಲ್ಲಿ, ಜ್ವರದಿಂದ ಬೇಯುತ್ತಿರುವವರಲ್ಲಿ ಕೂಡ ಕೈಯಲ್ಲಿರುವ ಹೊತ್ತು ಕಡಿಮೆ. ಎಚ್ಚರವಿರುವ ರೋಗಿಯ ಮುಂದೆ ಈ ಗಡಿಯಾರವೇ ಇರುವುದಿಲ್ಲ. ಆತ ಉಸಿರಾಡುತ್ತಲೇ ಇರುತ್ತಾನೆ. ಪ್ರಯತ್ನ ಫಲಿಸದಿದ್ದರೆ ನಿಲ್ಲಿಸಬಹುದು, ಯೋಚಿಸಬಹುದು, ಹಿರಿಯರೊಬ್ಬರನ್ನು ಕರೆಸಬಹುದು, ಶಸ್ತ್ರಚಿಕಿತ್ಸೆಯನ್ನೇ ನಾಳೆಗೆ ಹಾಕಬಹುದು. ಈ ವಿಧಾನದ ಬೆಲೆಯೆಲ್ಲ ಇರುವುದು ಇಲ್ಲೇ. ಹೊಸ ದಾರಿ ಗಟ್ಟಿಯಾಗುವವರೆಗೆ ಹಳೆಯ ದಾರಿಯನ್ನು ಅದು ಮುಚ್ಚುವುದಿಲ್ಲ.

ಇಂಗ್ಲೆಂಡಿನ ಅರಿವಳಿಕೆ ತಜ್ಞರ ಕಾಲೇಜು ಮತ್ತು ‘ಡಿಫಿಕಲ್ಟ್ ಏರ್‌ವೇ ಸೊಸೈಟಿ’ ಸೇರಿ ಬ್ರಿಟನ್ನಿನಾದ್ಯಂತ ಒಂದು ವರ್ಷದಲ್ಲಿ ಸಂಭವಿಸಿದ ಉಸಿರುದಾರಿಯ ಅನಾಹುತಗಳನ್ನು ಕಲೆಹಾಕಿ 2011ರಲ್ಲಿ ವರದಿ ಪ್ರಕಟಿಸಿದವು. ಎಚ್ಚರದಲ್ಲೇ ಕೊಳವೆ ಹಾಕಬೇಕಾಗಿದ್ದ ಹಲವು ರೋಗಿಗಳಿಗೆ ಹಾಗೆ ಮಾಡದೆ ಮೊದಲೇ ನಿದ್ದೆ ಕೊಟ್ಟದ್ದು ಅದರಲ್ಲಿ ಎದ್ದುಕಂಡ ದೋಷಗಳಲ್ಲೊಂದು. ವಿಧಾನ ಗೊತ್ತಿದ್ದೂ ಕೈಗೆತ್ತಿಕೊಳ್ಳದಿರುವುದಕ್ಕೆ ಅಭ್ಯಾಸದ ಕೊರತೆ, ಸಮಯದ ಒತ್ತಡ, ರೋಗಿಗೆ ಕಷ್ಟವಾದೀತೆಂಬ ಅಳುಕು ಎಲ್ಲವೂ ಕಾರಣವಾಗುತ್ತವೆ. ಮೂರನೆಯದು ಕರುಣೆಯಂತೆ ಕಾಣುತ್ತದೆ, ಆದರೆ ಅದೇ ಹೆಚ್ಚು ಅಪಾಯಕಾರಿ.

ಭಾರತದಲ್ಲಿ ಈ ವಿಧಾನ ಬೇಕಾಗುವವರ ಪೈಕಿ ಬಾಯಿ ತೆರೆಯಲಾಗದವರು ಬಹಳ ಮಂದಿ. ಅಡಿಕೆ, ಗುಟ್ಕಾ, ಪಾನ್ ಮಸಾಲಾ ಜಗಿಯುವವರಲ್ಲಿ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆದು, ಮೆತ್ತಗಿರಬೇಕಾದ ಕೆನ್ನೆ ಚರ್ಮದ ಪಟ್ಟಿಯಂತೆ ಗಡುಸಾಗುತ್ತದೆ. ವೈದ್ಯರು ಇದನ್ನು ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎನ್ನುತ್ತಾರೆ. ಮೊದಲು ಖಾರ ತಿಂದರೆ ಬಾಯುರಿ, ಆಮೇಲೆ ಬಾಯಿ ತೆರೆಯುವುದು ದಿನೇ ದಿನೇ ಕಿರಿದಾಗಿ, ಕೊನೆಗೆ ಒಂದು ಬೆರಳೂ ಹೋಗದ ಸ್ಥಿತಿ. ಇದಕ್ಕೆ ತಂಬಾಕು ಇರಲೇಬೇಕೆಂದಿಲ್ಲ, ಬರೀ ಅಡಿಕೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಇದು ನುಂಗಲಾಗದ ಮಾತು. ತೋಟವನ್ನೇ ನಂಬಿ ಬದುಕುವ ಮಲೆನಾಡು, ಕರಾವಳಿಯ ಕುಟುಂಬಗಳ ಕಳವಳ ಸುಳ್ಳಲ್ಲ, ತೆರೆಯದ ಬಾಯಿಯೂ ಸುಳ್ಳಲ್ಲ. ತಂಬಾಕು ಬೆರೆತ ಗುಟ್ಕಾವನ್ನು ರಾಜ್ಯ 2013ರಲ್ಲಿ ನಿಷೇಧಿಸಿತು. ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುವುದರಿಂದ ಬೆರೆಸುವ ಕೆಲಸ ಈಗ ಕೊಳ್ಳುವವರ ಅಂಗೈಯಲ್ಲೇ ನಡೆಯುತ್ತದೆ.

ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಗಡ್ಡೆ, ಹಿಂದಿನ ಶಸ್ತ್ರಚಿಕಿತ್ಸೆಯ ಕಲೆ, ವಿಕಿರಣದಿಂದ ಬಿಗಿದ ಕತ್ತು ಒಟ್ಟಿಗೆ ಸೇರಿರುತ್ತವೆ. ಒಲೆಯ ಬೆಂಕಿ, ಸೀಮೆಎಣ್ಣೆಯಿಂದ ಸುಟ್ಟ ಗಾಯ ಮಾಯುವಾಗ ಚರ್ಮ ಮುದುಡಿ ಗದ್ದ ಎದೆಗೆ ಅಂಟಿಕೊಂಡವರಿರುತ್ತಾರೆ. ಅವರ ತಲೆಯನ್ನು ಹಿಂದಕ್ಕೆ ಬಾಗಿಸುವ ಮಾತೇ ಇಲ್ಲ. ಹುಳುಕು ಹಲ್ಲಿನ ಸೋಂಕು ದವಡೆಯ ಕೆಳಗೆ ಹರಡಿ ನಾಲಿಗೆಯನ್ನೇ ಮೇಲಕ್ಕೆತ್ತಿಬಿಡುವ ಬಾವು, ಶ್ವಾಸನಾಳವನ್ನು ಪಕ್ಕಕ್ಕೆ ತಳ್ಳಿದ ದೊಡ್ಡ ಗಳಗಂಡ, ಬೆನ್ನುಮೂಳೆ ಬಿದಿರಿನಂತೆ ಸೆಟೆಯುವ ಸಂಧಿವಾತ ಕೂಡ ಇದೇ ಸಾಲಿಗೆ ಸೇರುತ್ತವೆ. ಅಪಘಾತದಲ್ಲಿ ಕತ್ತಿನ ಮೂಳೆ ಮುರಿದವರ ಪ್ರಶ್ನೆ ಬೇರೆ. ಅವರ ಬಾಯಿ ತೆರೆಯುತ್ತದೆ, ಆದರೆ ಕತ್ತು ಅಲುಗಿದರೆ ಬೆನ್ನುಹುರಿಗೆ ಪೆಟ್ಟಾದೀತು. ಎಚ್ಚರದಲ್ಲೇ ಕೊಳವೆ ಹಾಕಿದರೆ, ನಿದ್ದೆ ಕೊಡುವ ಮೊದಲು ಕೈಕಾಲು ಆಡಿಸಲು ಹೇಳಿ ನರಗಳೆಲ್ಲ ಮೊದಲಿನಂತೆಯೇ ಇವೆಯೆಂದು ಖಚಿತಪಡಿಸಿಕೊಳ್ಳಬಹುದು.

ಕಷ್ಟವಾಗುವ ಗಂಟಲನ್ನು ಮೊದಲೇ ಗುರುತಿಸುವ ಪರೀಕ್ಷೆಗಳಿಗೆ ಯಂತ್ರ ಬೇಡ. ರೋಗಿಯ ಮೂರು ಬೆರಳು ಅವರ ಬಾಯಿಯಲ್ಲಿ ಹಿಡಿಸಬೇಕು. ಗದ್ದದಿಂದ ಗಂಟಲಮಣಿಗೆ ಆರೂವರೆ ಸೆಂಟಿಮೀಟರ್ ಇರಬೇಕು. ಕತ್ತು ಹಿಂದಕ್ಕೆ ಬಾಗಬೇಕು. ಕುಳಿತು ಬಾಯಗಲಿಸಿ ನಾಲಿಗೆ ಚಾಚಿದಾಗ ಕಿರುನಾಲಿಗೆ ಎಷ್ಟು ಕಾಣುತ್ತದೆಂಬ ಲೆಕ್ಕಕ್ಕೆ ಮಲ್ಲಂಪಟಿ ವರ್ಗೀಕರಣ ಎಂದು ಹೆಸರು. 1985ರಲ್ಲಿ ಅದನ್ನು ಪ್ರಕಟಿಸಿದ ಶೇಷಗಿರಿ ರಾವ್ ಮಲ್ಲಂಪಟಿ ಆಂಧ್ರ ಮೂಲದವರು, ಬಾಸ್ಟನ್ನಿನಲ್ಲಿ ಅರಿವಳಿಕೆ ತಜ್ಞರಾಗಿದ್ದವರು. ಯಾವ ಒಂದು ಪರೀಕ್ಷೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಒಂದೇ ರೋಗಿಯಲ್ಲಿ ಎರಡು ಮೂರು ಲಕ್ಷಣಗಳು ಕೂಡಿಕೊಂಡಾಗ ಎಚ್ಚರದ ವಿಧಾನದ ಯೋಚನೆ ಬರುತ್ತದೆ.

ಇತಿಹಾಸ ನೋಡಿದರೆ ಅರಿವಳಿಕೆಗಾಗಿ ಹಾಕಿದ ಮೊದಲ ಕೊಳವೆಗಳೇ ಎಚ್ಚರವಿದ್ದವರ ಗಂಟಲಲ್ಲಿ ಇಳಿದವು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ವಿಲಿಯಂ ಮ್ಯಾಕ್‌ಯೂವೆನ್ ಬಳಿಗೆ 1878ರ ಜುಲೈನಲ್ಲಿ ಗಾರೆ ಕೆಲಸದವನೊಬ್ಬ ಬಂದ. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ಆ ಕಾಲದಲ್ಲಿ ಇಂಥ ಗಡ್ಡೆ ತೆಗೆಯಬೇಕಾದರೆ ರಕ್ತ ಶ್ವಾಸಕೋಶಕ್ಕೆ ಇಳಿಯದಂತೆ ಮೊದಲೇ ಕತ್ತಿನಲ್ಲಿ ರಂಧ್ರ ಕೊರೆಯುತ್ತಿದ್ದರು. ಮ್ಯಾಕ್‌ಯೂವೆನ್ ಬಾಯಿಯ ಮೂಲಕವೇ ಲೋಹದ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಲು ನಿರ್ಧರಿಸಿದರು. ದಾರಿ ತೋರಲು ಕನ್ನಡಿಯೂ ಇಲ್ಲ, ದೀಪವೂ ಇಲ್ಲ, ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳವನ್ನು ಬೆರಳಿನಿಂದ ತಡವಿ ಕಂಡುಕೊಂಡರು. ಮರಗಟ್ಟಿಸುವ ಔಷಧವೂ ಆಗ ಇರಲಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಕೆಲವು ಬಾರಿ ಕೊಳವೆ ಹಾಕಿ ತೆಗೆದು ರೋಗಿಗೆ ರೂಢಿ ಮಾಡಿಸಿದರು. ಕೊನೆಗೆ ಕೊಳವೆ ಇಳಿಸಿ, ಕೆಮ್ಮು ತಣಿದ ಮೇಲೆ ಅದರ ಮೂಲಕವೇ ಕ್ಲೋರೋಫಾರ್ಮ್ ಕೊಟ್ಟು, ಗಂಟಲಿಗೆ ಸ್ಪಂಜು ತುಂಬಿ ಗಡ್ಡೆ ತೆಗೆದರು. 1880ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಪುಸ್ತಕಗಳಲ್ಲಿ ಉಳಿದಿರುವುದು ಶಸ್ತ್ರವೈದ್ಯನ ಹೆಸರು. ಮರಗಟ್ಟದ ಗಂಟಲೊಳಗೆ ಲೋಹವನ್ನು ಮತ್ತೆ ಮತ್ತೆ ತಾಳಿಕೊಂಡ ಆ ಗಾರೆಯವನ ಧೈರ್ಯಕ್ಕೂ ಅಷ್ಟೇ ಜಾಗ ಸಲ್ಲಬೇಕು.

1884ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಕೋಲರ್ ಕೊಕೇನ್ ದ್ರಾವಣದಿಂದ ಕಣ್ಣು ಮರಗಟ್ಟುವುದನ್ನು ತೋರಿಸಿದ ಮೇಲೆ ಗಂಟಲ ವೈದ್ಯರೂ ಬೇಗನೆ ಅದನ್ನು ಕೈಗೆತ್ತಿಕೊಂಡರು. ಮರುವರ್ಷ ನ್ಯೂಯಾರ್ಕಿನ ಜೋಸೆಫ್ ಓಡ್ವೈಯರ್ ಗಂಟಲಮಾರಿಯಿಂದ ಉಸಿರುಕಟ್ಟುತ್ತಿದ್ದ ಮಕ್ಕಳ ಗಂಟಲಿಗೆ ಎಚ್ಚರದಲ್ಲೇ ಪುಟ್ಟ ಕೊಳವೆಗಳನ್ನು ಇಳಿಸಿ ಅನೇಕರ ಜೀವ ಉಳಿಸಿದರು. ಮೊದಲ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಅರಿವಳಿಕೆ ಕೊಡುತ್ತಿದ್ದ ಐವನ್ ಮ್ಯಾಗಿಲ್ ಮತ್ತು ಸ್ಟ್ಯಾನ್ಲಿ ರೋಬೋಥಮ್, ಸ್ವಂತ ಉಸಿರು ಆಡುತ್ತಿರುವಾಗಲೇ ಅದರ ಸದ್ದನ್ನು ಆಲಿಸುತ್ತಾ ಮೂಗಿನಿಂದ ಕೊಳವೆ ಇಳಿಸುವ ಕಲೆಯನ್ನು ಬೆಳೆಸಿದರು. ಸದ್ದು ಜೋರಾದಷ್ಟೂ ತುದಿ ಸರಿಯಾದ ಬಾಗಿಲಿಗೆ ಹತ್ತಿರ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ರೂಪಿಸಿದ ಲಿಗ್ನೋಕೇನ್ ಔಷಧ ಕೊಕೇನಿಗಿಂತ ಸುರಕ್ಷಿತವಾಗಿ ಅದರ ಜಾಗಕ್ಕೆ ಬಂತು. ಝೈಲೋಕೇನ್ ಎಂಬ ವ್ಯಾಪಾರದ ಹೆಸರಿನಿಂದ ಅದು ನಮ್ಮ ದಂತವೈದ್ಯರ ಕುರ್ಚಿಯಲ್ಲಿ ಕುಳಿತವರಿಗೆಲ್ಲ ಪರಿಚಿತ.

ಕಣ್ಣಿಗೆ ಕಾಣದ ತಿರುವಿನಲ್ಲೂ ನೋಡುವ ಉಪಾಯ ಗಾಜಿನ ಎಳೆಗಳಿಂದ ಬಂತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆಗೂಡಿ, ಸಾವಿರಾರು ಗಾಜಿನ ಎಳೆಗಳ ಬಾಗುವ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1967ರಲ್ಲಿ ಲಂಡನ್ನಿನ ಪೀಟರ್ ಮರ್ಫಿ, ಪಿತ್ತನಾಳ ನೋಡಲು ಮಾಡಿದ್ದ ಅಂಥ ಸ್ಕೋಪೊಂದನ್ನು ಬಳಸಿ ಮೂಗಿನ ಮೂಲಕ ಶ್ವಾಸನಾಳಕ್ಕೆ ಕೊಳವೆ ಸೇರಿಸಿದರು. ಜಪಾನಿನ ಶಿಗೆಟೊ ಇಕೆಡಾ ಅದೇ ದಶಕದಲ್ಲಿ ಶ್ವಾಸಕೋಶಕ್ಕೆಂದೇ ಬಾಗುವ ಬ್ರಾಂಕೋಸ್ಕೋಪ್ ರೂಪಿಸಿದರು. ಇಂದಿನ ಸ್ಕೋಪುಗಳಲ್ಲಿ ಎಳೆಗಳ ಜಾಗಕ್ಕೆ ಸಾಸಿವೆಯಷ್ಟು ಚಿಕ್ಕ ಕ್ಯಾಮೆರಾ ಬಂದಿದೆ. ಕೆಲಸದ ತತ್ವ ಮಾತ್ರ ಅದೇ.

ಇಡೀ ಕ್ರಿಯೆಯಲ್ಲಿ ಕೌಶಲ ಬೇಡುವ ಭಾಗ ಮರಗಟ್ಟಿಸುವುದು. ಊಟ ಮಾಡುತ್ತಾ ಮಾತಾಡಿದಾಗ ಒಂದು ಅಗುಳು ದಾರಿ ತಪ್ಪಿದರೆ ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ಕಣ್ಣಲ್ಲಿ ನೀರು, ತಡೆಯಲಾರದ ಕೆಮ್ಮು. ಅಗುಳಿಗೇ ಹೀಗಾದರೆ ಕಿರುಬೆರಳಿಗಿಂತ ತುಸುವೇ ತೆಳುವಾದ ಕೊಳವೆಗೆ ಗಂಟಲು ಹೇಗೆ ಪ್ರತಿಭಟಿಸೀತು? ಶ್ವಾಸಕೋಶಕ್ಕೆ ಅನ್ಯವಸ್ತು ಇಳಿಯದಂತೆ ದೇಹ ಅಲ್ಲಿ ಕಾವಲಿನ ಮೇಲೆ ಕಾವಲು ಇಟ್ಟಿದೆ, ಒಂದೊಂದು ಕಾವಲಿಗೂ ಬೇರೆ ಬೇರೆ ನರ. ಮೂಗಿನೊಳಗಿನ ಸ್ಪರ್ಶ ಟ್ರೈಜೆಮಿನಲ್ ನರದ ಮೂಲಕ ಮೆದುಳಿಗೆ ಹೋಗುತ್ತದೆ. ನಾಲಿಗೆಯ ಹಿಂಭಾಗ ಮತ್ತು ಗಂಟಲ ಗೋಡೆಯದು ಗ್ಲಾಸೋಫ್ಯಾರಿಂಜಿಯಲ್ ನರ, ಓಕರಿಕೆ ಹುಟ್ಟುವುದು ಅಲ್ಲಿ. ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳದ್ದು ವೇಗಸ್ ನರದ ಎರಡು ಕವಲುಗಳು. ಧ್ವನಿತಂತುಗಳ ಮೇಲಿನ ಭಾಗಕ್ಕೊಂದು, ಕೆಳಗಿನದಕ್ಕೊಂದು. ಕೆಮ್ಮು, ಧ್ವನಿತಂತುಗಳು ಬಾಗಿಲಿಕ್ಕಿದಂತೆ ಬಿಗಿದುಕೊಳ್ಳುವ ಸೆಳೆತ ಇವುಗಳ ಪಾಲು. ಇವೆಲ್ಲವನ್ನೂ ಒಂದೊಂದಾಗಿ ಮಲಗಿಸಬೇಕು.

ಸಿದ್ಧತೆ ಅರ್ಧ ಗಂಟೆ ಮೊದಲೇ ಆರಂಭವಾಗುತ್ತದೆ. ಜೊಲ್ಲು ಒಣಗಿಸಲು ಗ್ಲೈಕೋಪೈರೋಲೇಟ್ ಚುಚ್ಚುಮದ್ದು ಕೊಡುವುದುಂಟು. ಜೊಲ್ಲು ಔಷಧವನ್ನು ತೊಳೆದುಬಿಡುತ್ತದೆ, ಸ್ಕೋಪಿನ ಕಣ್ಣನ್ನೂ ಮಸುಕು ಮಾಡುತ್ತದೆ. ಮೂಗಿನ ದಾರಿ ಹಿಡಿಯುವುದಾದರೆ ರಕ್ತ ಒಸರದಂತೆ, ನೆಗಡಿಗೆ ಹಾಕುವ ಝೈಲೋಮೆಟಜೋಲಿನ್ ಹನಿಗಳನ್ನೇ ಬಿಡುತ್ತಾರೆ. ಆಮೇಲೆ ಲಿಗ್ನೋಕೇನ್ ಸರದಿ. ಲೋಳೆಯಂಥ ದ್ರಾವಣವನ್ನು ಬಾಯಲ್ಲಿಟ್ಟು ಗಳಗಳ ಮುಕ್ಕಳಿಸುವುದು, ದಮ್ಮಿನ ರೋಗಿಗಳಿಗೆ ಕೊಡುವ ನೆಬ್ಯುಲೈಸರಿನಲ್ಲೇ 4 ಪರ್ಸೆಂಟ್ ದ್ರಾವಣವನ್ನು ಮಂಜಾಗಿಸಿ ಉಸಿರಿನೊಂದಿಗೆ ಎಳೆದುಕೊಳ್ಳುವುದು, ಗಂಟಲಿನ ಹಿಂಭಾಗಕ್ಕೆ 10 ಪರ್ಸೆಂಟ್ ಸ್ಪ್ರೇ ಹೊಡೆಯುವುದು ಎಲ್ಲವೂ ಬಳಕೆಯಲ್ಲಿವೆ. ನೆಬ್ಯುಲೈಸರ್ ಸೌಮ್ಯವಾದದ್ದು, ಆದರೆ ಅದರ ಮಂಜಿನ ಬಹುಪಾಲು ಗಾಳಿಗೇ ಹೋಗುತ್ತದೆ. ಅದೊಂದನ್ನೇ ನೆಚ್ಚಿದರೆ ಗಂಟಲು ಅರೆಬರೆ ಮರಗಟ್ಟುತ್ತದೆ.

ಭಾರತದ ಆಸ್ಪತ್ರೆಗಳಲ್ಲಿ ಸೂಜಿಯ ವಿಧಾನಗಳ ರೂಢಿಯೂ ಚೆನ್ನಾಗಿದೆ. ಗಂಟಲಮಣಿಯ ಕೆಳಗೆ ಬೆರಳಿಗೆ ಸಿಗುವ ಚಿಕ್ಕ ತಗ್ಗು ಕ್ರೈಕೋಥೈರಾಯ್ಡ್ ಪೊರೆಯದು. ಅಲ್ಲಿಂದ ತೆಳುವಾದ ಸೂಜಿಯನ್ನು ಶ್ವಾಸನಾಳಕ್ಕೆ ಚುಚ್ಚಿ, ಸಿರಿಂಜಿನಲ್ಲಿ ಗಾಳಿಗುಳ್ಳೆ ಕಂಡ ಕೂಡಲೇ ಎರಡು ಮೂರು ಮಿಲಿಲೀಟರ್ ಔಷಧ ಬಿಟ್ಟು ತಟ್ಟನೆ ಸೂಜಿ ಹೊರಗೆ ಎಳೆಯುತ್ತಾರೆ. ರೋಗಿ ಜೋರಾಗಿ ಕೆಮ್ಮುತ್ತಾರೆ. ಆ ಕೆಮ್ಮೇ ಔಷಧವನ್ನು ಶ್ವಾಸನಾಳದ ಉದ್ದಕ್ಕೂ, ಧ್ವನಿತಂತುಗಳ ಕೆಳಮೈವರೆಗೂ ಹರಡುತ್ತದೆ. ನಾಲಿಗೆಮೂಳೆಯ ಎರಡೂ ಕೊಂಬುಗಳ ಬಳಿ ತುಸು ಔಷಧ ಚುಚ್ಚಿದರೆ ಧ್ವನಿಪೆಟ್ಟಿಗೆಯ ಮೇಲ್ಭಾಗವೂ ಮರಗಟ್ಟುತ್ತದೆ. ಕತ್ತಿನಲ್ಲಿ ಗಡ್ಡೆ ಅಥವಾ ಕೀವಿದ್ದವರಿಗೆ, ರಕ್ತ ಹೆಪ್ಪುಗಟ್ಟದವರಿಗೆ ಸೂಜಿ ತಕ್ಕದ್ದಲ್ಲ. ಅವರಲ್ಲಿ ಸ್ಕೋಪನ್ನು ಮುಂದೊತ್ತುತ್ತಾ, ಅದರೊಳಗಿನ ಸಣ್ಣ ಕಾಲುವೆಯಿಂದ ಎದುರಿಗೆ ಕಂಡ ಜಾಗಕ್ಕೆ ಔಷಧ ಚಿಮುಕಿಸಿ, ಅರೆ ನಿಮಿಷ ಕಾದು, ಮತ್ತೆ ಮುಂದೆ ಹೋಗುತ್ತಾರೆ.

ಔಷಧಕ್ಕೆ ಮಿತಿಯುಂಟು. ಡಿಫಿಕಲ್ಟ್ ಏರ್‌ವೇ ಸೊಸೈಟಿಯ ಮಾರ್ಗಸೂಚಿ, ಕೊಬ್ಬು ಬಿಟ್ಟು ಲೆಕ್ಕ ಹಾಕಿದ ದೇಹತೂಕದ ಪ್ರತಿ ಕಿಲೋಗೆ 9 ಮಿಲಿಗ್ರಾಂ ಮೀರಬಾರದೆನ್ನುತ್ತದೆ. ಅಂದರೆ 50 ಕಿಲೋಗೆ 450 ಮಿಲಿಗ್ರಾಂ. 10 ಪರ್ಸೆಂಟ್ ಸ್ಪ್ರೇಯ ಒಂದೊಂದು ಚಿಮ್ಮಿಗೂ 10 ಮಿಲಿಗ್ರಾಂ ಹೋಗುತ್ತದೆ. ಮುಕ್ಕಳಿಸಿದ್ದು, ಮಂಜಾಗಿ ಎಳೆದದ್ದು, ಚುಚ್ಚಿದ್ದು ಎಲ್ಲ ಸೇರಿದ ಲೆಕ್ಕವನ್ನು ಒಬ್ಬರು ಬರೆದಿಡಬೇಕು. ಮಿತಿ ಮೀರಿದರೆ ತುಟಿ ಜುಮ್ಮೆನ್ನುತ್ತದೆ, ಕಿವಿಯಲ್ಲಿ ಗುಂಯ್‌ಗುಡುತ್ತದೆ, ಮಾತು ತೊದಲುತ್ತದೆ, ಆಮೇಲೆ ಫಿಟ್ಸ್ ಬರಬಹುದು, ಹೃದಯದ ಬಡಿತವೂ ಏರುಪೇರಾಗಬಹುದು. ಮರಗಟ್ಟಿದೆಯೇ ಎಂದು ತಿಳಿಯಲು ಮೆತ್ತನೆಯ ಸಕ್ಷನ್ ನಳಿಕೆಯಿಂದ ಗಂಟಲು ಮುಟ್ಟಿ ನೋಡುತ್ತಾರೆ. ಓಕರಿಕೆ ಬಂದರೆ ಇನ್ನೂ ಕಾಯಬೇಕು. ಈ ಕಾಯುವಿಕೆಗೆ ಸಿದ್ಧರಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಹೆದರಿಕೆ ತಗ್ಗಿಸಲು ಹಗುರವಾದ ಮಂಪರಿನ ಔಷಧವನ್ನೂ ಕೊಡುವುದುಂಟು. ಡೆಕ್ಸ್‌ಮೆಡಿಟೊಮಿಡಿನ್ ಇಲ್ಲಿ ಹೆಚ್ಚು ಒಗ್ಗುತ್ತದೆ. ಪ್ರತಿ ಕಿಲೋಗೆ ಒಂದು ಮೈಕ್ರೋಗ್ರಾಂನಂತೆ ಹತ್ತು ನಿಮಿಷದಲ್ಲಿ ನಿಧಾನವಾಗಿ ಕೊಟ್ಟರೆ ರೋಗಿ ತೂಕಡಿಸುತ್ತಾರೆ, ಕರೆದರೆ ಕಣ್ಣು ಬಿಡುತ್ತಾರೆ, ಉಸಿರು ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ನಾಡಿಯ ಬಡಿತ ಇಳಿಯಬಹುದು. ಮಿಡಜೋಲಾಮ್, ಫೆಂಟನಿಲ್, ರೆಮಿಫೆಂಟನಿಲ್ ಕೂಡ ಬಳಕೆಯಲ್ಲಿವೆ. ಸರಿಯಾಗಿ ಮರಗಟ್ಟದ ಗಂಟಲಿನ ಕೊರತೆಯನ್ನು ಮಂಪರಿನಿಂದ ತುಂಬಲು ಹೋದರೆ ರೋಗಿ ಗೊಂದಲಗೊಂಡು ಕೊಸರಾಡುತ್ತಾರೆ, ಇಲ್ಲವೇ ಉಸಿರೇ ನಿಲ್ಲುತ್ತದೆ. ಯಾವುದನ್ನು ಕಾಪಾಡಲೆಂದು ಇಷ್ಟೆಲ್ಲ ಕಷ್ಟಪಟ್ಟರೋ ಅದೇ ಕೈತಪ್ಪುತ್ತದೆ. ಹಾಗಾಗಿ ಮಂಪರಿನ ಹೊಣೆ ಬೇರೊಬ್ಬರ ಕೈಯಲ್ಲಿರಬೇಕೆಂಬ ಸಲಹೆಯಿದೆ. ಉಸಿರು ತೀರಾ ಇಕ್ಕಟ್ಟಾಗಿರುವವರಿಗೆ ಮಂಪರು ಕೊಡದಿರುವುದೂ ಒಂದು ಆಯ್ಕೆ. ಆರಂಭದಿಂದ ಕೊನೆಯವರೆಗೆ ಮೂಗಿಗೆ ಆಮ್ಲಜನಕ ಹರಿಯುತ್ತಲೇ ಇರಬೇಕು. ಬೆಚ್ಚಗೆ, ತೇವಗೂಡಿಸಿ ನಿಮಿಷಕ್ಕೆ 30ರಿಂದ 70 ಲೀಟರ್‌ವರೆಗೆ ಕೊಡುವ ಹೈ ಫ್ಲೋ ಯಂತ್ರವಿದ್ದರೆ ಒಳ್ಳೆಯದು.

ಈ ಎಲ್ಲ ಔಷಧಗಳಷ್ಟೇ ಕೆಲಸ ಮಾಡುವುದು ಮಾತು. ಹಿಂದಿನ ದಿನವೇ ವಾರ್ಡಿಗೆ ಹೋಗಿ, ಏನು ಮಾಡಲಾಗುತ್ತದೆ, ಯಾಕೆ, ಎಲ್ಲಿ ಕಿರಿಕಿರಿಯಾದೀತು ಎಂದು ರೋಗಿಯ ಭಾಷೆಯಲ್ಲೇ ಬಿಡಿಸಿ ಹೇಳಬೇಕು. ಗಂಟಲು ಮರಗಟ್ಟಿದಾಗ ಅನೇಕರಿಗೆ ಉಸಿರೇ ಹೋಗುತ್ತಿಲ್ಲವೆನಿಸುತ್ತದೆ, ನುಂಗಲು ಆಗುವುದಿಲ್ಲವೆನಿಸುತ್ತದೆ. ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಕೊಳವೆಯ ಸುತ್ತಲಿನ ಬಲೂನು ಉಬ್ಬಿದ ಮೇಲೆ ಗಾಳಿ ಧ್ವನಿತಂತುಗಳನ್ನು ದಾಟುವುದಿಲ್ಲ, ದನಿ ಇರುವುದಿಲ್ಲ. ಆಗ ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂಬ ಒಪ್ಪಂದ ಮೊದಲೇ ಆಗಿರಬೇಕು, ಕೈ ಎತ್ತಿದಾಗ ನಿಲ್ಲಿಸಲೂ ಬೇಕು. ಕೆಲವು ತರಬೇತಿ ಶಿಬಿರಗಳಲ್ಲಿ ಅರಿವಳಿಕೆ ತಜ್ಞರೇ ತಮ್ಮ ಗಂಟಲು ಮರಗಟ್ಟಿಸಿಕೊಂಡು ಒಬ್ಬರ ಮೂಗಿನಲ್ಲಿ ಇನ್ನೊಬ್ಬರು ಸ್ಕೋಪ್ ಇಳಿಸಿ ಕಲಿತಿದ್ದಾರೆ. ರೋಗಿಯ ಸ್ಥಾನದಲ್ಲಿ ಒಮ್ಮೆ ಕುಳಿತವರ ಕೈ ಆಮೇಲೆ ಬೇರೆಯೇ ಆಗಿರುತ್ತದೆ.

ಸ್ಕೋಪ್ ಇಳಿಸುವಾಗ ರೋಗಿಯನ್ನು ಒರಗಿ ಕೂರಿಸುವುದು ಉತ್ತಮ. ಕೂತಾಗ ಗಂಟಲು ತೆರೆದಿರುತ್ತದೆ, ಉಸಿರಾಟ ಹಗುರವಾಗಿರುತ್ತದೆ. ನಾಲ್ಕು ಮಿಲಿಮೀಟರಿನಷ್ಟು ದಪ್ಪದ ಸ್ಕೋಪಿಗೆ ಕೊಳವೆಯನ್ನು ದಾರಕ್ಕೆ ಮಣಿ ಪೋಣಿಸಿದಂತೆ ಮೊದಲೇ ಪೋಣಿಸಿ ಮೇಲಕ್ಕೆ ಸರಿಸಿ ಇಟ್ಟಿರುತ್ತಾರೆ. ಒಳವ್ಯಾಸ 6 ಅಥವಾ 6.5 ಮಿಲಿಮೀಟರಿನ ಮೆತ್ತನೆಯ ಕೊಳವೆ ಸಾಮಾನ್ಯವಾಗಿ ಸಾಕು. ಬಾಯಿ ತೆರೆಯದವರಿಗೆ ಮೂಗೊಂದೇ ದಾರಿ. ಸ್ಕೋಪ್ ಮೂಗಿನ ತಳದ ಗುಂಟ ಸಾಗಿ ಅಂಗಳಿನ ಹಿಂದೆ ಕೆಳಕ್ಕೆ ಬಾಗುತ್ತದೆ. ನಾಲಿಗೆ ಅಡ್ಡ ಬಂದರೆ ಅದನ್ನು ಮುಂದೆ ಚಾಚಲು ಹೇಳುತ್ತಾರೆ, ಅಥವಾ ಜೋರಾಗಿ ಉಸಿರೆಳೆಯಲು ಹೇಳುತ್ತಾರೆ. ಎಚ್ಚರವಿರುವ ರೋಗಿ ಹೀಗೆ ತಾನೇ ದಾರಿ ಮಾಡಿಕೊಡುತ್ತಾನೆ, ನಿದ್ದೆಯಲ್ಲಿರುವವನು ಮಾಡಿಕೊಡಲಾರ. ಪರದೆಯ ಮೇಲೆ ಎಪಿಗ್ಲಾಟಿಸ್ ಕಾಣುತ್ತದೆ. ಅದರ ಕೆಳಗೆ ನುಸುಳಿದರೆ ಬಿಳಿಯ ಎರಡು ಪಟ್ಟಿಗಳು ತಲೆಕೆಳಗಾದ ಇಂಗ್ಲಿಷಿನ ‘ವಿ’ ಆಕಾರದಲ್ಲಿ, ಉಸಿರೆಳೆದಾಗ ಅಗಲವಾಗುತ್ತಾ, ಬಿಟ್ಟಾಗ ಹತ್ತಿರವಾಗುತ್ತಾ ಇರುತ್ತವೆ. ಅವೇ ಧ್ವನಿತಂತುಗಳು. ಅಗಲವಾದ ಗಳಿಗೆಯಲ್ಲಿ ಸ್ಕೋಪ್ ಒಳದಾಟುತ್ತದೆ. ಮುಂದೆ ಶ್ವಾಸನಾಳದ ಬಳೆಗಳು, ಕೊನೆಗೆ ದಾರಿ ಎರಡಾಗಿ ಕವಲೊಡೆಯುವ ಕರೀನಾ ಎಂಬ ಏಣು.

ಸ್ಕೋಪಿನ ಗುಂಟ ಕೊಳವೆಯನ್ನು ಜಾರಿಸುವಾಗ ಅದು ಕೆಲವೊಮ್ಮೆ ಧ್ವನಿಪೆಟ್ಟಿಗೆಯ ಬಾಗಿಲಲ್ಲೇ ತಡೆಯುತ್ತದೆ. ಸ್ಕೋಪಿಗೂ ಕೊಳವೆಗೂ ನಡುವೆ ಸಂದಿಯಿರುವುದರಿಂದ ಕೊಳವೆಯ ಓರೆ ತುದಿ ಬಲಗಡೆಯ ಪುಟ್ಟ ಮೃದ್ವಸ್ಥಿಗೆ ಸಿಕ್ಕಿಕೊಳ್ಳುತ್ತದೆ. ಒತ್ತಿ ತಳ್ಳಿದರೆ ಗಾಯವಾದೀತು. ತುಸು ಹಿಂದಕ್ಕೆಳೆದು, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ ಮತ್ತೆ ಬಿಟ್ಟರೆ ಸಾಮಾನ್ಯವಾಗಿ ಒಳಗಿಳಿಯುತ್ತದೆ. ತುದಿ ಕರೀನಾದಿಂದ ಮೂರ್ನಾಲ್ಕು ಸೆಂಟಿಮೀಟರ್ ಮೇಲಿರುವಂತೆ ನೋಡಿ ಸ್ಕೋಪ್ ತೆಗೆಯುತ್ತಾರೆ. ನಿದ್ದೆಯ ಔಷಧ ಕೊಡುವ ಮೊದಲು ಎರಡು ಸಾಕ್ಷಿ ಬೇಕು. ಕೊಳವೆಯ ತುದಿ ಶ್ವಾಸನಾಳದೊಳಗಿರುವುದನ್ನು ಕಣ್ಣಾರೆ ಕಂಡಿರಬೇಕು. ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂದು ಕ್ಯಾಪ್ನೋಗ್ರಫಿ ಯಂತ್ರದ ಅಲೆಗಳು ತೋರಿಸಬೇಕು. ಅನ್ನನಾಳದಿಂದ ಅಂಥ ಅಲೆಗಳು ಉಸಿರುಸಿರಿಗೂ ಬರುವುದಿಲ್ಲ. ಎರಡೂ ಸರಿಯಿದ್ದರೆ ನಿದ್ದೆ, ಅಲ್ಲಿಯವರೆಗೆ ಇಲ್ಲ.

ಸ್ಕೋಪ್ ಒಂದೇ ಸಾಧನವಲ್ಲ. ಬಾಯಿ ಸ್ವಲ್ಪವಾದರೂ ತೆರೆಯುವವರಲ್ಲಿ, ತುದಿಯಲ್ಲಿ ಕ್ಯಾಮೆರಾ ಇರುವ ವಿಡಿಯೋ ಲ್ಯಾರಿಂಗೋಸ್ಕೋಪನ್ನು ಎಚ್ಚರದಲ್ಲೇ ಬಳಸಬಹುದು. ಅದು ಬೇಗ ಮುಗಿಯುತ್ತದೆ, ಯಶಸ್ಸೂ ಹೆಚ್ಚುಕಡಿಮೆ ಸಮವೇ. ಸ್ಕೋಪ್ ಇಲ್ಲದ ಕಡೆಗೆ ಹಳೆಯ ಉಪಾಯವೊಂದಿದೆ. ಮುಖದ ಮಾಂಸ ಕೊಳೆತುಹೋಗುವ ಕಾಯಿಲೆಯಿಂದ ಬಾಯಿ ಮುಚ್ಚಿಹೋದ ನೈಜೀರಿಯಾದ ರೋಗಿಗಳಿಗಾಗಿ ವಾಟರ್ಸ್ ಎಂಬ ವೈದ್ಯರು 1963ರಲ್ಲಿ ಅದನ್ನು ವಿವರಿಸಿದರು. ಗಂಟಲಮಣಿಯ ಕೆಳಗಿನ ತಗ್ಗಿನಿಂದ ಸೂಜಿ ಚುಚ್ಚಿ, ಅದರ ಮೂಲಕ ತೆಳುವಾದ ಎಪಿಡ್ಯೂರಲ್ ನಳಿಕೆಯನ್ನು ಮೇಲ್ಮುಖವಾಗಿ ತೂರಿಸಿ ಮೂಗಿನಿಂದ ಹೊರತೆಗೆದು, ಆ ಎಳೆಯ ಗುಂಟ ಕೊಳವೆಯನ್ನು ಕೆಳಗಿಳಿಸುವ ಕ್ರಮ. ನಮ್ಮಲ್ಲಿಯೂ ತೆರೆಯದ ಬಾಯಿಗಳಿಗೆ ಅದು ಬಹುಕಾಲ ಒದಗಿದೆ. ಗಡ್ಡೆ ದಾರಿಯನ್ನು ತೀರಾ ಮುಚ್ಚಿ, ಉಸಿರೆಳೆದಾಗ ಸಿಳ್ಳೆಯಂಥ ಕರ್ಕಶ ಸದ್ದು ಬರುತ್ತಿದ್ದರೆ ಇವಾವುದಕ್ಕೂ ಕೈಹಾಕದೆ, ಕತ್ತಿನ ಚರ್ಮವನ್ನು ಮರಗಟ್ಟಿಸಿ ಎಚ್ಚರದಲ್ಲೇ ಟ್ರೇಕಿಯಾಸ್ಟಮಿ, ಅಂದರೆ ಕತ್ತಿನಿಂದ ನೇರವಾಗಿ ಶ್ವಾಸನಾಳಕ್ಕೆ ರಂಧ್ರ, ಮಾಡುವುದು ವಿವೇಕ. ಉಳಿದಿರುವ ಕಿರಿದಾದ ಸಂದಿಯಲ್ಲಿ ಸ್ಕೋಪ್ ತೂರಿದರೆ ಬಾಟಲಿಗೆ ಬಿರಡೆ ಹಾಕಿದಂತಾಗುತ್ತದೆ.

ರೋಗಿ ಒಪ್ಪದಿದ್ದರೆ ಈ ವಿಧಾನವಿಲ್ಲ, ಅದು ಮೊದಲ ಷರತ್ತು. ಚಿಕ್ಕ ಮಕ್ಕಳು ಸಹಕರಿಸಲಾರರು. ದವಡೆಯ ಕೀಲು ಅಂಟಿಕೊಂಡ ಮಕ್ಕಳಿಗೆ ಮಾಸ್ಕಿನಿಂದ ಅರಿವಳಿಕೆಯ ಅನಿಲ ಕೊಟ್ಟು ಮಲಗಿಸಿದರೂ, ಸ್ನಾಯು ಸಡಿಲಿಸುವ ಔಷಧ ಕೊಡದೆ ಸ್ವಂತ ಉಸಿರನ್ನು ಉಳಿಸಿಕೊಂಡು ಸ್ಕೋಪ್ ಇಳಿಸುತ್ತಾರೆ. ಬಾಯ್ತುಂಬ ರಕ್ತ ಸುರಿಯುತ್ತಿದ್ದರೆ ಸ್ಕೋಪಿಗೆ ಏನೂ ಕಾಣದು. ಎಚ್ಚರದ ವಿಧಾನ ವಿಫಲವಾಗುವುದು ನೂರರಲ್ಲಿ ಒಂದೆರಡು ಸಲ ಮಾತ್ರ. ಆದರೂ ಪ್ರಯತ್ನಗಳಿಗೆ ಮಿತಿಯಿದೆ. ಮೂರು ಸಲ, ಅದಾದ ಮೇಲೆ ಹೆಚ್ಚು ಅನುಭವಿಗಳಿಂದ ಇನ್ನೊಂದು ಸಲ. ಪದೇ ಪದೇ ತಡವಿದರೆ ಗಂಟಲು ಊದಿಕೊಂಡು ಇರುವ ದಾರಿಯೂ ಮುಚ್ಚುತ್ತದೆ.

ಕೊಳವೆ ತೆಗೆಯುವುದೂ ರೋಗಿಯ ಎಚ್ಚರದಲ್ಲೇ. ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಅವಸರದಿಂದ ಎಳೆದರೆ, ಊತದಿಂದ ಗಂಟಲು ಮೊದಲಿಗಿಂತ ಕಿರಿದಾಗಿರಬಹುದು, ಮತ್ತೆ ಹಾಕುವುದು ಇನ್ನೂ ಕಷ್ಟವಾದೀತು. ಪೂರ್ತಿ ಎಚ್ಚರಗೊಂಡು, ಹೇಳಿದಂತೆ ಕಣ್ಣು ಬಿಟ್ಟು, ತಲೆ ಎತ್ತಿ, ಆಳವಾಗಿ ಉಸಿರಾಡುವವರೆಗೆ ಕೊಳವೆ ಇರಬೇಕು. ಬೇಕಿದ್ದರೆ ಒಂದು ರಾತ್ರಿ ಐಸಿಯುನಲ್ಲಿ ಹಾಗೆಯೇ ಬಿಡುತ್ತಾರೆ. ಕೆಲವರಲ್ಲಿ ಕೊಳವೆ ತೆಗೆದರೂ ಅದರೊಳಗಿಂದ ಇಳಿಸಿದ ತೆಳು ನಳಿಕೆಯೊಂದನ್ನು ಕೆಲವು ಗಂಟೆ ಶ್ವಾಸನಾಳದಲ್ಲೇ ಉಳಿಸಿ, ಮತ್ತೆ ಬೇಕಾದರೆ ಅದರ ಗುಂಟವೇ ಕೊಳವೆ ಸೇರಿಸಲು ಸಿದ್ಧರಿರುತ್ತಾರೆ. ಮರಗಟ್ಟಿದ ಗಂಟಲಿಗೆ ಕಾವಲು ಮರಳುವವರೆಗೆ, ಅಂದರೆ ಎರಡು ಗಂಟೆಯಾದರೂ, ನೀರು ಕೂಡ ಕೊಡುವಂತಿಲ್ಲ. ಬಿಡುಗಡೆಯಾಗುವಾಗ ಗಂಟಲಿನಲ್ಲಿ ಏನು ಕಷ್ಟವಿತ್ತು, ಯಾವ ವಿಧಾನ ಫಲಿಸಿತು, ಎಷ್ಟು ಅಳತೆಯ ಕೊಳವೆ ಹಿಡಿಸಿತು ಎಂದು ಬರೆದ ಚೀಟಿಯೊಂದನ್ನು ರೋಗಿಯ ಕೈಗೆ ಕೊಡಬೇಕು. ಮುಂದೆ ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ, ನಿದ್ದೆಯ ಔಷಧ ಕೊಡುವ ಮೊದಲು ಆ ವೈದ್ಯರು ಓದಬೇಕಾದದ್ದು ಆ ಚೀಟಿ.